ಎಷ್ಟು ಎತ್ತರ ಇದ್ದರೆ ಗುಡ್ಡ, ಎಷ್ಟಿದ್ದರೆ ಬೆಟ್ಟ?

ಪ್ರಶ್ನೆ: ನಾನು ಗದಗ ಕಡೆಯವಳು. ಮದುವೆಯಾಗಿ ಸಾಗರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಬಂದು ಹನ್ನೊಂದು ವರ್ಷ ಆಯಿತು. ನಮ್ಮ ಕಡೆ ನೆಲ ಎತ್ತರ ಇದ್ದರೆ ಗುಡ್ಡ, ಅಷ್ಟೇ. ಇಲ್ಲಿ ಮನೆ ಹಿಂದೆ ಇರುವುದಕ್ಕೆ ಅತ್ತೆ ದರೆ ಅನ್ನುತ್ತಾರೆ. ದನ ಹೋಗುವುದು ಗುಡ್ಡಕ್ಕೆ. ಸೊಪ್ಪು ತರುವುದು ಬೆಟ್ಟದಿಂದ. ನನ್ನ ಕಣ್ಣಿಗೆ ಗುಡ್ಡವೂ ಬೆಟ್ಟವೂ ಒಂದೇ ತರಹ ಕಾಣುತ್ತವೆ. ಈಗ ನಾಲ್ಕನೇ ಕ್ಲಾಸಿನ ಮಗನಿಗೆ 'ದಿಬ್ಬ, ಗುಡ್ಡ, ಬೆಟ್ಟ, ಪರ್ವತ ಇವುಗಳ ವ್ಯತ್ಯಾಸ ಬರೆಯಿರಿ' ಅಂತ ಹೋಂವರ್ಕ್ ಕೊಟ್ಟಿದ್ದಾರೆ. ಎಷ್ಟು ಎತ್ತರ ಇದ್ದರೆ ಯಾವುದು? ಇನ್ನೊಂದು ಮಾತು. ಈ ಬೇಸಿಗೆಯಲ್ಲಿ ದರೆ ಸ್ವಲ್ಪ ತೆಗೆಸಿ ಹಿತ್ತಲು ದೊಡ್ಡದು ಮಾಡಬೇಕು ಅಂತ ಮನೆಯವರು ಹೇಳುತ್ತಿದ್ದಾರೆ. ದರೆ ಅಂದರೂ ಗುಡ್ಡ ಅಂದರೂ ಒಂದೇ ಅಲ್ವಾ?

ಉತ್ತರ: ಮೊದಲು ಹೋಂವರ್ಕ್ ಮುಗಿಸಿಬಿಡೋಣ. ದಿಬ್ಬ, ಗುಡ್ಡ, ಬೆಟ್ಟ, ಪರ್ವತ ಅಂತ ಚಿಕ್ಕದರಿಂದ ದೊಡ್ಡದಕ್ಕೆ ಬರೆಯಲಿ. ಮಾರ್ಕ್ಸ್ ಬರುತ್ತದೆ. ಆದರೆ ಎಷ್ಟು ಅಡಿ ಅಂತ ನೀವು ಕೇಳಿದಿರಲ್ಲ, ಆ ಲೆಕ್ಕ ಕನ್ನಡದಲ್ಲಿ ಇಲ್ಲ. ಮೂವತ್ತು ವರ್ಷ ಸರ್ವೆ ಕೆಲಸದಲ್ಲಿ ಚೈನು ಎಳೆದವನು ನಾನು. ಇಷ್ಟು ಎತ್ತರಕ್ಕೆ ಗುಡ್ಡ ಮುಗಿದು ಬೆಟ್ಟ ಶುರುವಾಗುತ್ತದೆ ಅಂತ ಒಂದು ಗೆರೆಯನ್ನೂ ಎಲ್ಲೂ ಕಂಡಿಲ್ಲ.

ಬೇಕಾದರೆ ನೀವೇ ತಾಳೆ ನೋಡಿ. ಮೈಸೂರಿನ ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,050 ಮೀಟರ್. ಮೈಸೂರು ಊರೇ 770 ಮೀಟರಿನ ಆಸುಪಾಸಿನಲ್ಲಿ ಕೂತಿದೆ. ಅಂದರೆ ಬುಡದಿಂದ ಅಳೆದರೆ 300 ಮೀಟರೂ ಇಲ್ಲ. ಆದರೂ ಬೆಟ್ಟ. ಇತ್ತ ಬಾಳೆಹೊನ್ನೂರು, ಕೊಪ್ಪದ ಕಡೆ ಮೇರ್ತಿ ಇದೆ. 1,600 ಮೀಟರ್ ದಾಟುತ್ತದೆ. ನಮ್ಮ ಕೊಡಚಾದ್ರಿಯೇ 1,343 ಮೀಟರ್, ಅದಕ್ಕಿಂತಲೂ ಮೇರ್ತಿ ಎತ್ತರ. ಜನ ಅದಕ್ಕೆ ಹೇಳುವುದು ಮೇರ್ತಿ ಗುಡ್ಡ ಅಂತಲೇ. ನಿಮ್ಮ ಗದಗದ ಕಪ್ಪತಗುಡ್ಡ ಮೈಲುಗಟ್ಟಲೆ ಹಬ್ಬಿದೆ, ಅದೂ ಗುಡ್ಡ. ಶಿವಮೊಗ್ಗ ಪೇಟೆಯಲ್ಲಿ ಆಡಿಕೃತ್ತಿಕೆಗೆ ಕಾವಡಿ ಹೊತ್ತು ಹರೋಹರ ಅಂತ ಹತ್ತುತ್ತಾರಲ್ಲ, ಆ ಗುಡ್ಡೇಕಲ್ಲೂ ಗುಡ್ಡವೇ. ಮೆಟ್ಟಿಲು ಹತ್ತಿ ಒಂದು ಸಲ ಉಸಿರು ಬಿಡುವಷ್ಟರಲ್ಲಿ ತುದಿ ಬಂದಿರುತ್ತದೆ.

ಇದರಲ್ಲಿ ಅರ್ಧ ಸೀಮೆಯ ವಿಷಯ. ಉತ್ತರ ಕರ್ನಾಟಕದಲ್ಲಿ ದಿನಬಳಕೆಗೆ ಗುಡ್ಡ ಒಂದೇ ಸಾಕು. ಯಲ್ಲಮ್ಮನ ಗುಡ್ಡ, ದೇವರಗುಡ್ಡ, ಕಪ್ಪತಗುಡ್ಡ. ಹಳೇ ಮೈಸೂರಿನಲ್ಲಿ ಬೆಟ್ಟದ್ದೇ ದರ್ಬಾರು. ಚಾಮುಂಡಿ ಬೆಟ್ಟ, ನಂದಿ ಬೆಟ್ಟ, ಬಿಳಿಗಿರಿರಂಗನ ಬೆಟ್ಟ. ಗಾದೆಗಳೂ ಹಾಗೇ ಸೀಮೆ ನೋಡಿ ಅಂಗಿ ಬದಲಾಯಿಸುತ್ತವೆ. ಮೈಸೂರಿನವರಿಗೆ ದೂರದ ಬೆಟ್ಟ ನುಣ್ಣಗೆ. ನಿಮ್ಮ ತವರಲ್ಲಿ ದೂರದ ಗುಡ್ಡ ನುಣ್ಣಗ.

ಮಲೆನಾಡು ನಡುವೆ ಸಿಕ್ಕಿಕೊಂಡಿದೆ. ಇಲ್ಲಿ ಎರಡೂ ಪದ ಇವೆ. ಎರಡು ಪದ ಒಂದೇ ಮನೆಯಲ್ಲಿದ್ದರೆ ಸುಮ್ನೆ ಕೂರುವುದಿಲ್ಲ, ಕೆಲಸ ಹಂಚಿಕೊಳ್ಳುತ್ತವೆ. ನಿಮ್ಮ ಅತ್ತೆಯವರ ಬಾಯಲ್ಲಿ ಆಗಿರುವುದು ಅದೇ.

'ಬೆಟ್ಟಕ್ಕೆ ಹೋಗಿದಾರೆ' ಅನ್ನುವ ಒಂದೇ ಮಾತು ತಗೊಳ್ಳಿ. ಮೈಸೂರಿನ ಮನೆಯಲ್ಲಿ ಯಾರಾದರೂ ಹಾಗಂದರೆ ತಾಯಿ ದರ್ಶನಕ್ಕೆ ಹೋಗಿದಾರೆ, ಬರುವಾಗ ಪ್ರಸಾದ ತರುತ್ತಾರೆ. ನಿಮ್ಮ ಕಡೆ ಭಾರತ ಹುಣ್ಣಿವಿಗೆ 'ಗುಡ್ಡಕ್ಕ ಹೋಗ್ಯಾರ' ಅಂದರೆ ಸವದತ್ತಿಗೆ, ಯಲ್ಲಮ್ಮನ ಜಾತ್ರೆಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಸಾಗರದ ಮನೆಯಲ್ಲಿ 'ಬೆಟ್ಟಕ್ಕೆ ಹೋಗಿದಾರೆ' ಅಂದರೆ ಮನೆಯ ಯಜಮಾನರು ಕತ್ತಿ ಹಿಡಿದುಕೊಂಡು ತೋಟದ ಹಿಂದಕ್ಕೆ ಹೋಗಿದಾರೆ, ಮಧ್ಯಾಹ್ನದ ಊಟಕ್ಕೆ ಬರುತ್ತಾರೆ, ಬೆನ್ನ ಹಿಂದೆ ಸೊಪ್ಪಿನ ಹೊರೆಯೂ ಬರುತ್ತದೆ.

ನನಗೂ ಇದು ಗೊತ್ತಿರಲಿಲ್ಲ. ನಾನು ಹುಟ್ಟಿದ್ದು ದಾವಣಗೆರೆ ಕಡೆ, ಕಣ್ಣು ಹಾಯಿಸಿದಷ್ಟು ಬಯಲು. ಮೊದಲ ಪೋಸ್ಟಿಂಗು ಬಿದ್ದದ್ದು ನಿಮ್ಮ ತಾಲ್ಲೂಕಿನಲ್ಲೇ. ಅಳೆಯಬೇಕಾದ ಜಾಗದ ಕಾಗದದಲ್ಲಿ 'ಸೊಪ್ಪಿನಬೆಟ್ಟ' ಅಂತ ಇತ್ತು. ಬೆಟ್ಟ ಅಂದಮೇಲೆ ಹತ್ತಬೇಕಲ್ಲ? ಹಿಂದಿನ ದಿನವೇ ಚೈನು ಹಿಡಿಯುವವರಿಗೆ ಹೇಳಿದೆ, ಬೆಳಿಗ್ಗೆ ಆರಕ್ಕೇ ಹೊರಡೋಣ, ಬಿಸಿಲು ಏರುವ ಮುಂಚೆ ಮೇಲೆ ಹೋಗಬೇಕು ಅಂತ. ಅವರು ಏನೂ ಹೇಳಲಿಲ್ಲ. ಮೀಸೆಯಡಿ ನಕ್ಕಿದ್ದು ಆಗ ಕಾಣಿಸಲಿಲ್ಲ. ನಾನು ಕ್ಯಾನ್ವಾಸ್ ಶೂ ಹಾಕಿ, ಚಪಾತಿ ಕಟ್ಟಿಸಿಕೊಂಡು, ಎರಡು ಬಾಟಲಿ ನೀರು ತುಂಬಿಕೊಂಡು ಹೋದೆ.

ಹೋದರೆ ಅಡಿಕೆ ತೋಟ. ತೋಟದ ಬೇಲಿ ದಾಟಿದರೆ ಸ್ವಲ್ಪ ಏರು, ಶಾಲೆಯ ಆಟದ ಮೈದಾನ ಒಂದು ಕಡೆ ವಾಲಿದಷ್ಟು. ಅಲ್ಲೊಂದು ಇಲ್ಲೊಂದು ಮತ್ತಿ, ಹೊನ್ನೆ, ನೇರಲು. ಎಲ್ಲ ಮರಗಳ ಕೊಂಬೆ ಸವರಿ, ತುದಿಯಲ್ಲಿ ಮಾತ್ರ ಒಂದೊಂದು ಜುಟ್ಟು ಬಿಟ್ಟಿದ್ದರು. ಕಾಲಡಿ ಒಣ ಎಲೆ ಚೊಕ್ಕವಾಗಿ ಗುಡಿಸಿದ ಗುರುತು. ನಾನು ತಲೆ ಎತ್ತಿ ಸುತ್ತ ನೋಡಿದೆ. ತೋಟದ ಹಿರಿಯರನ್ನು ಕೇಳಿದೆ, "ಬೆಟ್ಟ ಎಲ್ಲಿ ರಾಯರೇ? ಇನ್ನೂ ಎಷ್ಟು ದೂರ?"

"ನೀವು ನಿಂತಿರದೇ ಬೆಟ್ಟ ಮಾರಾಯ್ರೇ. ಒಂದ್ ಹೆಜ್ಜೆ ಹಿಂದೆ ಸರಿದ್ರೆ ತೋಟಕ್ಕೆ ಬೀಳ್ತೀರಿ."

ಚಪಾತಿಯನ್ನು ಅವರ ಜಗಲಿಯಲ್ಲೇ ಕೂತು ತಿಂದೆ.

ಇಲ್ಲಿ ಬೆಟ್ಟ ಅಂದರೆ ಎತ್ತರವಲ್ಲ, ತೋಟಕ್ಕೆ ಸೊಪ್ಪು ಕೊಡುವ ಕಾಡು. ಅಡಿಕೆ ಮರದ ಬುಡಕ್ಕೆ ಸೊಪ್ಪು ಬೇಕು. ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಲು ಸೊಪ್ಪು ಬೇಕು. ಅದು ಸಗಣಿ, ಗಂಜಲದ ಜೊತೆ ಕೊಳೆತು ಗೊಬ್ಬರವಾಗಿ ಮತ್ತೆ ತೋಟಕ್ಕೇ ಬರುತ್ತದೆ. ತೋಟ ಇರುವುದು ಕಣಿವೆಯ ತಗ್ಗಿನಲ್ಲಿ, ನೀರು ಸಿಗುವ ಕಡೆ. ಸೊಪ್ಪಿನ ಮರ ಇರುವುದು ಅದರ ಮೇಲಿನ ಓರೆಯಲ್ಲಿ. ಹಾಗಾಗಿ ಮೇಲಿನದು ಬೆಟ್ಟ ಆಯಿತು, ಎತ್ತರ ಒಂದಾಳು ಇರಲಿ ಹತ್ತಾಳು ಇರಲಿ. ಪಕ್ಕದ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಬ್ರಿಟಿಷರ ಕಾಲದಿಂದಲೂ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯ ತನಕ ಬೆಟ್ಟ ಬಿಟ್ಟುಕೊಡುವ ಪದ್ಧತಿ ಇತ್ತು. 'ನಮ್ಮದು ಎರಡೆಕರೆ ತೋಟ, ಹನ್ನೆರಡೆಕರೆ ಬೆಟ್ಟ' ಅಂತ ಅಲ್ಲಿಯವರು ಹೇಳುವುದು ಈ ಲೆಕ್ಕದಲ್ಲಿ. ಗದಗದವರು ಕೇಳಿದರೆ ಇವರ ಮನೆಯಲ್ಲಿ ಪರ್ವತವೇ ಇದೆ ಅಂದುಕೊಳ್ಳಬೇಕು.

ಇದು ಬರೀ ಆಡುಮಾತು ಅಂತ ಬಿಟ್ಟುಬಿಡಬೇಡಿ. ಕಾನೂನೇ ಈ ಪದ ಹಿಡಿದುಕೊಂಡು ಕೂತಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ತೆಗೆದು ನೋಡಿ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾಣೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಮೈಸೂರು ಸೀಮೆಯ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಒಂದೊಂದು ಸೀಮೆಯ ಪದವನ್ನೂ ಹಾಗಾಗೇ ಎತ್ತಿಟ್ಟಿದ್ದಾರೆ. ಅನುವಾದ ಮಾಡಲು ಹೋಗಿಲ್ಲ, ಹೋಗಿದ್ದರೆ ಕೆಟ್ಟೇ ಹೋಗುತ್ತಿತ್ತು. ಸೊಪ್ಪಿನಬೆಟ್ಟದ ನೆಲ ಸರ್ಕಾರದ್ದು, ಸೊಪ್ಪು ಮತ್ತು ದರಕು, ಅಂದರೆ ಒಣ ಎಲೆ, ತರುವ ಸವಲತ್ತು ತೋಟದವರದ್ದು. ಒಂದು ಪದದ ಹಿಂದೆ ಇಷ್ಟು ಇದೆ. ಜಮೀನಿನ ಕಾಗದದಲ್ಲಿ 'ಬೆಟ್ಟ' ಕಂಡ ಕೂಡಲೇ ಪಕ್ಕದಲ್ಲಿ ಸ್ವಂತ ಜಮೀನು ಅಂತ ಬರೆದುಕೊಳ್ಳುವ ಪೇಟೆಯವರನ್ನು ಎಷ್ಟೋ ಸಲ ನೋಡಿದ್ದೇನೆ. ಆಮೇಲೆ ಓಡಾಟ ತಪ್ಪಿದ್ದಲ್ಲ.

ಹಾಗಾದರೆ ಗುಡ್ಡ? ನಿಮ್ಮ ಮನೆಯ ದನ ಹೋಗುವ ಜಾಗ. ಹುಲ್ಲು, ಕಲ್ಲು, ಅಲ್ಲಲ್ಲಿ ಕುರುಚಲು. ಅದು ಊರವರೆಲ್ಲರದ್ದು, ಯಾರೊಬ್ಬರ ತೋಟಕ್ಕೂ ಗಂಟು ಹಾಕಿಕೊಂಡಿದ್ದಲ್ಲ. ಬೋಳುಗುಡ್ಡ, ಹುಲ್ಲುಗುಡ್ಡ ಅನ್ನುತ್ತೇವೆ, ಬೋಳುಬೆಟ್ಟ ಅಂತ ನಿಮ್ಮ ಅತ್ತೆ ಹೇಳಿದ್ದು ಕೇಳಿದ್ದೀರಾ? ಬೆಟ್ಟ ಬೋಳಾದರೆ ತೋಟದವರ ಮರ್ಯಾದೆ ಹೋಯಿತು ಅಂತ ಲೆಕ್ಕ. ಹಿಂದೆ ಕರಾವಳಿ ಕಡೆ 'ಗುಡ್ಡೆಗೆ ಹೋಗಿ ಬಂದೆ' ಅಂದರೆ ಚೊಂಬು ಹಿಡಿದು ಹೋಗಿ ಬಂದದ್ದು ಅಂತ ಅರ್ಥ. ಬಯಲುಸೀಮೆಯವರು ಅದೇ ಕೆಲಸಕ್ಕೆ ಬಯಲಿಗೆ ಹೋಗುತ್ತಿದ್ದರು. ನಮ್ಮಲ್ಲಿ ಬಯಲೇ ಇಲ್ಲ, ಏನು ಮಾಡುವುದು!

ಗುಡ್ಡಕ್ಕೆ ಗುಡ್ಡೆಯೇ ಹತ್ತಿರದ ನೆಂಟ. ಸಂತೆಯಲ್ಲಿ ಗೋಣಿ ಹಾಸಿ ಟೊಮೆಟೊ, ಹಸಿಮೆಣಸಿನಕಾಯಿ ಗುಡ್ಡೆ ಗುಡ್ಡೆ ಮಾಡಿ ಇಟ್ಟಿರುತ್ತಾರೆ. ತಕ್ಕಡಿ ಇಲ್ಲ, ಗುಡ್ಡೆಗೆ ಇಷ್ಟು ಅಂತ ರೇಟು. ಊರಲ್ಲಿ ಕುರಿ ಕಡಿದು ಪಾಲು ಹಾಕಿದರೂ ಗುಡ್ಡೆ ಲೆಕ್ಕವೇ. ಸುರಿದು ರಾಶಿಯಾದದ್ದು ಗುಡ್ಡೆ, ಅದೇ ದೊಡ್ಡದಾಗಿ ನಿಂತದ್ದು ಗುಡ್ಡ. ಅದಕ್ಕೇ ಚಿಕ್ಕ ವಿಷಯ ದೊಡ್ಡದು ಮಾಡುವವರಿಗೆ 'ಕಡ್ಡೀನ ಗುಡ್ಡ ಮಾಡಬೇಡ' ಅನ್ನುತ್ತೇವೆ. ಕಡ್ಡಿ ಕಡ್ಡಿ ಸೇರಿಸಿ ಗುಡ್ಡ ಮಾಡಬಹುದು. ಬೆಟ್ಟವನ್ನು ಯಾರೂ ಮಾಡುವುದಿಲ್ಲ, ಅದು ಇರುತ್ತದೆ. ಆಸೆ ಬೆಟ್ಟದಷ್ಟು ಇರಬಹುದು, ಕಷ್ಟ ಬೆಟ್ಟದಂಗೆ ಬಂದು ಕೂರಬಹುದು. ಎರಡು ಪದಗಳ ಸ್ವಭಾವ ಸ್ವಲ್ಪ ಬೇರೆ ಅಂತ ನನಗೆ ಅನ್ನಿಸುವುದು ಇಲ್ಲಿ.

ಬೆಟ್ಟ ಹಳೆಯ ಪದ. ಹಳಗನ್ನಡದಲ್ಲಿ ಬೆಟ್ಟು. ಅಲ್ಲಮ, ಅಕ್ಕಮಹಾದೇವಿ ಇಬ್ಬರೂ ನಮ್ಮ ಜಿಲ್ಲೆಯ ಶಿಕಾರಿಪುರ ಸೀಮೆಯವರೇ. 12ನೇ ಶತಮಾನದ ಅವರ ವಚನಗಳಲ್ಲಿ ನೆಲ್ಲಿಕಾಯಿ ಇರುವುದೂ ಬೆಟ್ಟದಲ್ಲಿ, ಮನೆ ಕಟ್ಟಿ ಮೃಗಗಳಿಗೆ ಹೆದರಬಾರದ್ದೂ ಬೆಟ್ಟದ ಮೇಲೆ. ಘಟ್ಟ ಇಳಿದರೆ ಹಳೆಯ ರೂಪ ಇನ್ನೂ ಹಾಗೇ ಇದೆ, ಆದರೆ ಅರ್ಥ ಜಾರಿದೆ. ಉಡುಪಿ, ಮಂಗಳೂರು ಕಡೆ ಗದ್ದೆ ಮೂರು ತರಹ. ತೀರಾ ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ಅಲ್ಲಿ ಮೂರು ಬೆಳೆ. ಸ್ವಲ್ಪ ಮೇಲಿನದು ಮಜಲು, ಎರಡು ಬೆಳೆ. ಎಲ್ಲಕ್ಕಿಂತ ಮೇಲಿನದು ಬೆಟ್ಟು, ಮಳೆ ನಂಬಿ ಒಂದೇ ಬೆಳೆ. ಉಡುಪಿಯ ಕುಂಜಿಬೆಟ್ಟು, ಕಾಡಬೆಟ್ಟು ಅನ್ನುವ ಹೆಸರುಗಳಲ್ಲಿ ಇರುವುದು ಈ ಬೆಟ್ಟು. ಬೆಟ್ಟ ಹುಡುಕಿಕೊಂಡು ಅಲ್ಲಿಗೆ ಹೋದರೆ ನನ್ನ ಕ್ಯಾನ್ವಾಸ್ ಶೂ ಕತೆಯೇ ಆಗುತ್ತದೆ. ಈ ಎತ್ತರದ ಗದ್ದೆಗೆ ನಿಮ್ಮೂರಲ್ಲಿ ಮಕ್ಕಿ ಅನ್ನುತ್ತಾರೆ. ಮಕ್ಕಿಗದ್ದೆ ಮೇಲೆ, ಬೈಲುಗದ್ದೆ ಕೆಳಗೆ. ಮಳೆ ಎರಡು ವಾರ ಕೈ ಕೊಟ್ಟರೆ ಮೊದಲು ಬಾಡುವುದು ಮಕ್ಕಿ. ಅಣ್ಣತಮ್ಮಂದಿರು ಗದ್ದೆ ಪಾಲಾಗುವಾಗ ಜಗಳ ಆಡುವುದೂ ಇದಕ್ಕೇ. ಗುಂಟೆ ಸಮ ಬಂದರೂ ಮಕ್ಕಿಯ ಒಂದು ಗುಂಟೆ ಬೈಲಿನ ಒಂದು ಗುಂಟೆಗೆ ಸಮವಲ್ಲ. ಚೈನಿಗೆ ಇದು ಕಾಣುವುದಿಲ್ಲ.

ದಿಬ್ಬ, ದಿಣ್ಣೆಗೆ ಜಾಸ್ತಿ ಹೇಳುವುದೇನೂ ಇಲ್ಲ. ಸುತ್ತಲಿನ ನೆಲಕ್ಕಿಂತ ತುಸು ಉಬ್ಬಿದ್ದು, ಸೈಕಲ್ ತುಳಿದು ಹತ್ತಬಹುದಾದದ್ದು. ದಿಣ್ಣೆ ಹಳೇ ಮೈಸೂರಿನ ಕಡೆ ಹೆಚ್ಚು. ನಿಮ್ಮ ಕಡೆಯ ಮಡ್ಡಿ, ಚಿತ್ರದುರ್ಗದ ಕಡೆಯ ಮರಡಿ ಇವೆಲ್ಲ ಕಲ್ಲು ಗರಸು ತುಂಬಿದ ಎತ್ತರಕ್ಕೆ. ಪದದಲ್ಲೇ ಇಲ್ಲಿ ಬೆಳೆ ಬರಲ್ಲ ಅನ್ನುವ ಎಚ್ಚರಿಕೆ ಇದೆ. ತಪ್ಪಲು ಅನ್ನುವ ಪದದಲ್ಲಿ ನೀವು ಮೊದಮೊದಲು ಎಡವಿರಬೇಕು. ಗದಗದಲ್ಲಿ ತಪ್ಪಲು ಅಂದರೆ ಸೊಪ್ಪು, ಪಲ್ಯಕ್ಕೆ ಬರುವುದು. ಇಲ್ಲಿ ಬೆಟ್ಟದ ತಪ್ಪಲು ಅಂದರೆ ಅದರ ಬುಡದ ನೆಲ.

ಮಲೆಗೆ ಬರೋಣ, ಮಲೆನಾಡಿನ ಹೆಸರೇ ಅದರ ಮೇಲೆ ನಿಂತಿದೆಯಲ್ಲ. ತಮಿಳಿನ ಮಲೈ, ಮಲಯಾಳದ ಮಲ, ಕನ್ನಡದ ಮಲೆ ಎಲ್ಲ ಒಂದೇ ಬಳ್ಳಿ. ತಮಿಳಿನಲ್ಲಿ ಅದು ಇವತ್ತಿಗೂ ಬೆಟ್ಟಕ್ಕೆ ದಿನಬಳಕೆಯ ಪದ. ಕನ್ನಡದಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. ಮೂಡಿಗೆರೆ ಕಡೆಯ ಅಂಗಡಿಯಿಂದ ಎದ್ದು ಬಂದ ಹೊಯ್ಸಳರು 'ಮಲೆಪರೊಳ್ ಗಂಡ' ಅಂತ ಬಿರುದು ಹಾಕಿಕೊಂಡರು, ಅಂದರೆ ಬೆಟ್ಟದ ನಾಯಕರಲ್ಲೆಲ್ಲ ಗಂಡು. ಆಮೇಲೆ ಮಲೆಯ ಎತ್ತರ ಕರಗಿ ಕಾಡು ಉಳಿಯಿತು. ನಮ್ಮ ಹಿರಿಯರು 'ಮಲೆ ಹೊಕ್ಕ' ಅಂದರೆ ದಟ್ಟ ಕಾಡಿಗೆ ಹೋದ ಅಂತ ತಿಳಿಯಬೇಕು, ತುದಿ ಹತ್ತಿದ ಅಂತ ಅಲ್ಲ. ಮಲೆ ಅಂದರೆ ಬೆಟ್ಟ ಅನ್ನುವುದು ಮರೆತುಹೋಗಿದ್ದಕ್ಕೇ ಮಲೆ ಮಹದೇಶ್ವರ ಬೆಟ್ಟ ಅಂತ ಕೊನೆಗೆ ಇನ್ನೊಂದು ಬೆಟ್ಟ ಸೇರಿಸಿಕೊಂಡಿದ್ದೇವೆ.

ಹೀಗೆ ಎರಡೆರಡು ಸಲ ಹೇಳುವುದು ಸಂಸ್ಕೃತದ ಹೆಸರುಗಳಲ್ಲಂತೂ ಮಾಮೂಲು. ಕೊಡಚಾದ್ರಿ ಅಂದರೆ ಕುಟಜಾದ್ರಿ, ಕುಟಜ ನಮ್ಮ ಕೊಡಸಿಗೆ ಗಿಡ, ಅದ್ರಿ ಅಂದರೆ ಬೆಟ್ಟ. ಬಸ್ಸಿನಲ್ಲಿ ಟಿಕೆಟ್ ಕೇಳುವವರು 'ಕೊಡಚಾದ್ರಿ ಬೆಟ್ಟಕ್ಕೆ' ಅನ್ನುತ್ತಾರೆ. ಆಗುಂಬೆ ಹತ್ತಿರದ ಕುಂದಾದ್ರಿಯೂ ಕುಂದಾದ್ರಿ ಬೆಟ್ಟ. ಬಿಳಿಗಿರಿಗೂ ಒಂದು ಬೆಟ್ಟ. ಗಿರಿ, ಅದ್ರಿ, ಶೈಲ ಇವು ಎತ್ತರ ಹೇಳುವ ಪದಗಳಲ್ಲ, ಮರ್ಯಾದೆ ಕೊಡುವ ಪದಗಳು. ಒಂದು ದೇವಸ್ಥಾನವೋ ಬಸದಿಯೋ ಗದ್ದುಗೆಯೋ ಮೇಲೆ ಬಂತು ಅಂದರೆ ಗುಡ್ಡಕ್ಕೆ ಶಾಲು ಹೊದಿಸಿದ ಹಾಗೆ ಗಿರಿ ಅಂತ ಹೆಸರು ಬೀಳುವುದುಂಟು. ಕೋಟೆ ಬಂದರೆ ದುರ್ಗ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಕೆಳದಿ ಅರಸರ ಕಾಲದಲ್ಲಿ ಭುವನಗಿರಿ ಅಂತಲೂ ಅನ್ನಿಸಿಕೊಂಡಿತು. ಮೇರ್ತಿ ಅಷ್ಟೆತ್ತರ ಇದ್ದೂ ಗುಡ್ಡವಾಗಿಯೇ ಉಳಿಯಿತು. ಪರ್ವತವಂತೂ ಪುಸ್ತಕದಲ್ಲಿ, ಪುರಾಣದಲ್ಲಿ. ಸಹ್ಯಾದ್ರಿಯ ನೆತ್ತಿಯ ಮೇಲೆ ಹುಟ್ಟಿ ಬೆಳೆದ ಒಬ್ಬರಾದರೂ 'ಪರ್ವತಕ್ಕೆ ಹೋಗಿ ಬರ್ತೀನಿ' ಅಂದದ್ದು ನಾನು ಕೇಳಿಲ್ಲ.

ನನಗೆ ತುಂಬ ಇಷ್ಟದ್ದು ಕೆಮ್ಮಣ್ಣುಗುಂಡಿ. ಸಮುದ್ರಮಟ್ಟದಿಂದ 1,434 ಮೀಟರ್ ಮೇಲಿದೆ, ಹೆಸರು ಮಾತ್ರ ಗುಂಡಿ! ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದೂ ಅಲ್ಲಿಂದಲೇ. ಎತ್ತರ ನೋಡಿ ಹೆಸರಿಡುವ ಜನ ನಾವಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಿಮ್ಮ ತಾಲ್ಲೂಕಿನಲ್ಲೇ ಇನ್ನೊಂದು ಮೋಜು ಇದೆ. ನೀರಿನ ನಡುವಿನ ನೆಲಕ್ಕೆ ನಡುಗಡ್ಡೆ ಅನ್ನುತ್ತೇವೆ. ಗಡ್ಡೆ, ಗುಡ್ಡೆ ಅಲ್ಲ. ಮಕ್ಕಳು ನಡುಗುಡ್ಡೆ ಅಂತ ಬರೆದರೆ ಮೇಷ್ಟರು ಕೆಂಪು ಇಂಕಿನಲ್ಲಿ ತಿದ್ದುತ್ತಾರೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಉಕ್ಕಿ ನಿಂತಾಗ ಆದದ್ದೇನು? ಅಣೆಕಟ್ಟಿನ ಪೂರ್ತಿ ಮಟ್ಟ 1,819 ಅಡಿ. ತುದಿ ಅದಕ್ಕಿಂತ ಕೆಳಗಿದ್ದ ಗುಡ್ಡಗಳು ಮುಳುಗಿದವು, ಮೇಲಿದ್ದವು ದ್ವೀಪಗಳಾದವು. ಸಿಗಂದೂರಿಗೆ ಲಾಂಚಿನಲ್ಲಿ ದಾಟುವಾಗ, ಈಗ ಸೇತುವೆ ಮೇಲಿಂದ, ನೀರಿನ ನಡುವೆ ಕಾಣುವ ಹಸಿರು ತಲೆಗಳೆಲ್ಲ ಗುಡ್ಡದ ನೆತ್ತಿಗಳು. ಹಾಗಾಗಿ ಸಾಗರದ ಮಗು ನಡುಗುಡ್ಡೆ ಅಂತ ಬರೆದರೆ ನಾನಾದರೆ ಅರ್ಧ ಮಾರ್ಕ್ಸ್ ಕೊಡುತ್ತೇನೆ.

ಇನ್ನು ಘಟ್ಟ. ಅದು ಬೆಟ್ಟವಲ್ಲ, ಇಳಿಯುವ ಜಾಗ. ನದಿಗೆ ಇಳಿಯುವ ಮೆಟ್ಟಿಲು ಸ್ನಾನಘಟ್ಟ, ಕರಾವಳಿಗೆ ಇಳಿಯುವ ದಾರಿ ಘಟ್ಟ. ಇಳಿಯುವ ದಾರಿಯ ಹೆಸರು ಇಡೀ ಪರ್ವತಸಾಲಿಗೇ ಅಂಟಿತು. ಇಂಗ್ಲಿಷರು ನಕ್ಷೆಯಲ್ಲಿ ಹಾಗೇ ಬರೆದರು, ಅದನ್ನು ಮತ್ತೆ ಕನ್ನಡಕ್ಕೆ ತಂದು ಪಶ್ಚಿಮಘಟ್ಟ ಅಂದೆವು. ಕುಂದಾಪುರದವರಿಗೆ ನೀವೂ ನಾನೂ ಘಟ್ಟದ ಮೇಲಿನವರು. ಎಷ್ಟು ಮೇಲೆ ಅನ್ನುವುದು ಅವರಿಗೆ ಬೇಕಿಲ್ಲ, ದಾರಿಯ ಯಾವ ತುದಿಯವರು ಅನ್ನುವುದಷ್ಟೇ ಮುಖ್ಯ. ರಸ್ತೆಗೆ ಘಾಟಿ ಅನ್ನುತ್ತೇವೆ. ಆಗುಂಬೆ ಘಾಟಿಯ 14 ತಿರುವು ಬಸ್ಸಿನಲ್ಲಿ ಇಳಿದವರಿಗೆ ಆ ಪದ ಹೊಟ್ಟೆಯಲ್ಲೇ ನೆನಪಿರುತ್ತದೆ. ಮಾಸ್ತಿಕಟ್ಟೆಯಿಂದ ಹೊಸಂಗಡಿಗೆ ಇಳಿಯುವ ಹುಲಿಕಲ್ ಘಾಟಿಗೆ ಇನ್ನೊಂದು ಹೆಸರಿದೆ, ಬಾಳೆಬರೆ. ಆ ಬರೆ ಗೊತ್ತಲ್ಲ, ಕಡಿದಾದ ಓರೆ. ಕೊಡಗಿನವರು ಇವತ್ತಿಗೂ ಮನೆ ಹಿಂದಿನ ಕಡಿದಾದ ಮಣ್ಣಿಗೆ ಬರೆ ಅನ್ನುತ್ತಾರೆ. 2018ರ ಆಗಸ್ಟಿನಲ್ಲಿ ಅಲ್ಲಿ ಮಳೆ ಹುಯ್ದಾಗ ಪೇಪರಿನಲ್ಲೆಲ್ಲ ಬರೆ ಕುಸಿತ, ಬರೆ ಕುಸಿತ ಅಂತಲೇ ಇತ್ತು.

ಅದೇ ನಿಮ್ಮ ಅತ್ತೆಯವರ ದರೆ. ಪತ್ರಿಕೆಯವರು ಧರೆ ಅಂತ ಬರೆಯುತ್ತಾರೆ. 'ಮನೆ ಮೇಲೆ ಧರೆ ಕುಸಿತ' ಅಂತ ತಲೆಬರಹ ನೋಡಿ ಬೆಂಗಳೂರಿನ ನೆಂಟರೊಬ್ಬರು ಭೂಮಿ ಹೇಗಪ್ಪ ಮನೆ ಮೇಲೆ ಕುಸಿಯಿತು ಅಂತ ಫೋನ್ ಮಾಡಿದ್ದರು. ಭೂಮಿ ಅನ್ನುವ ಧರೆ ಬೇರೆ, ನಮ್ಮ ದರೆ ಬೇರೆ. ದರೆ ಅಂದರೆ ಓರೆಯನ್ನು ಕಡಿದಾಗ ಗೋಡೆಯ ಹಾಗೆ ನಿಲ್ಲುವ ಮಣ್ಣು. ಮನೆಗೆ ಜಾಗ ಮಾಡಲು ಅಜ್ಜನೋ ಮುತ್ತಜ್ಜನೋ ಗುಡ್ಡದ ಪಾದ ಅಗೆದರು, ಹಿಂದೆ ದರೆ ನಿಂತಿತು. ರಸ್ತೆ ಮಾಡಿದರು, ಪಕ್ಕದಲ್ಲಿ ದರೆ ನಿಂತಿತು. ಹೊಳೆ ಕೊರೆದದ್ದೂ ಉಂಟು. ಆದರೆ ಮನೆ ಹಿಂದಿನದು ಹೆಚ್ಚಾಗಿ ಮನುಷ್ಯರದ್ದೇ ಕೆಲಸ. ಹಾಗಾಗಿ ಗುಡ್ಡ ಅಂದರೂ ದರೆ ಅಂದರೂ ಒಂದೇ ಅಲ್ಲ. ಗುಡ್ಡ ತನ್ನಷ್ಟಕ್ಕೆ ಮಲಗಿರುವುದು. ದರೆ ಅಂದರೆ ಅದರ ಮೈಯಲ್ಲಿ ನಾವು ಮಾಡಿದ ಗಾಯ.

ಇದನ್ನು ನಾನು ಕಲಿತದ್ದೂ ಪುಸ್ತಕದಿಂದ ಅಲ್ಲ. ಒಂದು ಮಳೆಗಾಲ ನಾನು ಬಾಡಿಗೆಗಿದ್ದ ಮನೆಯ ಹಿಂದೆ ಎರಡಾಳೆತ್ತರದ ದರೆ. ಮಾಲೀಕರು ಆ ವರ್ಷವೇ ಬಟ್ಟೆ ಒಗೆಯುವ ಕಲ್ಲಿಗೆ ಜಾಗ ಬೇಕು ಅಂತ ಅದರ ಬುಡವನ್ನು ಒಂದು ಮೊಳ ನೇರ ಕೆತ್ತಿಸಿದ್ದರು. ಜುಲೈ ತಿಂಗಳ ಒಂದು ರಾತ್ರಿ ಒಲೆ ಆರಿಸಿ ಮಲಗಿದ್ದೆವು. ದೊಡ್ಡ ಸದ್ದೇನೂ ಆಗಲಿಲ್ಲ, ಗೋಣಿಚೀಲದಿಂದ ಅಕ್ಕಿ ಸುರಿದ ಹಾಗೆ ಒಂದು ಸದ್ದು. ಬೆಳಿಗ್ಗೆ ನೋಡಿದರೆ ಅಡುಗೆಮನೆಯ ಹಿಂಬಾಗಿಲು ಅರ್ಧಕ್ಕೆ ಮುಚ್ಚಿತ್ತು. ಮೇಲಿನ ಕೆಂಪು ಜಂಬಿಟ್ಟಿಗೆ ಮಣ್ಣು ಗಟ್ಟಿಯಾಗಿ ಹಾಗೇ ಚಾಚಿಕೊಂಡಿತ್ತು, ಅದರಡಿಯ ಬಿಳಿ ಶೇಡಿ ಮಣ್ಣು ನೀರು ಕುಡಿದು ಮೊಸರಿನ ಹಾಗೆ ಜಾರಿ ಬಂದಿತ್ತು. ನಮ್ಮ ಕಡೆಯ ಎಷ್ಟೋ ದರೆಗಳ ಕತೆ ಇದೇ. ಮೇಲೆ ಜಂಬಿಟ್ಟಿಗೆ, ಕೆಳಗೆ ಶೇಡಿ. ಬೇಸಿಗೆಯಲ್ಲಿ ಕಡಿದಾಗ ಕಲ್ಲಿನ ಹಾಗೆ ನಿಲ್ಲುತ್ತದೆ, ನೋಡಿದವರಿಗೆ ಧೈರ್ಯ ಬರುತ್ತದೆ. ಶೇಡಿಗೆ ನೀರು ಇಳಿಯುವ ತನಕ ಅಷ್ಟೇ ಆ ಧೈರ್ಯ.

ಹಾಗಾಗಿ ಹಿತ್ತಲು ದೊಡ್ಡದು ಮಾಡಲೇಬೇಕು ಅಂತಿದ್ದರೆ, ನೇರ ಗೋಡೆಯ ಹಾಗೆ ಮಾತ್ರ ಕಡಿಸಬೇಡಿ. ಮೆಟ್ಟಿಲು ಮೆಟ್ಟಿಲಾಗಿ, ಹಿಂದಕ್ಕೆ ಓರೆಯಾಗಿ ತೆಗೆಸಿ. ದರೆಯ ತಲೆಯ ಮೇಲೆ ಒಂದು ಕಾದಿಗೆ, ಅಂದರೆ ಸಣ್ಣ ಕಾಲುವೆ, ತೋಡಿಸಿ, ಗುಡ್ಡದಿಂದ ಇಳಿದು ಬರುವ ನೀರು ಪಕ್ಕಕ್ಕೆ ಹೋಗುವ ಹಾಗೆ. ಅಂಚಿನಲ್ಲಿ ಇರುವ ಹುಲ್ಲು, ಪೊದೆ ಕೆರೆಸಬೇಡಿ, ಅವುಗಳ ಬೇರೇ ಅಲ್ಲಿನ ಹೊಲಿಗೆ. ಬುಡದಲ್ಲಿ ಬಿಳಿ ಮಣ್ಣು ಕಂಡರೆ ಕೆಲಸ ನಿಲ್ಲಿಸಿ, ತಿಳಿದ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ. ಜೆಸಿಬಿ ಓಡಿಸುವ ಹುಡುಗನಿಗೆ ಗಂಟೆ ಲೆಕ್ಕ, ಅವನಿಗೆ ಎಲ್ಲವೂ ಮಣ್ಣೇ.

ಅವನನ್ನು ಕರೆಸುವ ಮುಂಚೆ ಅತ್ತೆಯವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ದರೆ ಎಲ್ಲಿಯ ತನಕ, ಗುಡ್ಡ ಎಲ್ಲಿಂದ ಅಂತ ಕೇಳಿ. ಅವರು ಕೈ ತೋರಿಸುತ್ತಾರೆ. ಮಗನನ್ನೂ ಜೊತೆಗೆ ಕರೆದುಕೊಳ್ಳಿ, ಹೋಂವರ್ಕಿಗೂ ಆಯಿತು. ಅವರು ತೋರಿಸಿದ ಗೆರೆಗೆ ಒಂದು ಗೂಟ ಹೊಡೆದುಬಿಡಿ, ಅದರಿಂದ ಮೇಲಕ್ಕೆ ಯಂತ್ರದ ಕೈ ಹೋಗದಿರಲಿ.